ಶಾಲೆಯ ಬಾಗಿಲಿಗೆ ಬಂದವರು

ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂಬ ಚಿಂತೆ ನನ್ನನ್ನು ಕೆಲವು ದಿನ ಕಾಡಿತು. ಶರಣರ ತತ್ತ್ವವನ್ನು ಕುರಿತು ಬರೆಯುವಷ್ಟು ಅಧಿಕಾರ ನನಗಿಲ್ಲ. ಶ್ರೀಮಠದ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲಿಯೇ ಬರೆಯುತ್ತಿದ್ದಾರೆ. ನಾನಾದರೋ ಇದೇ ಶಾಲೆಯಲ್ಲಿ ಕಲಿತು, 1980ರಿಂದ 2016ರವರೆಗೆ ಇದೇ ಶಾಲೆಯಲ್ಲಿ ಕಲಿಸಿ ನಿವೃತ್ತನಾದ ಒಬ್ಬ ಸಾಮಾನ್ಯ ಶಿಕ್ಷಕ. ನನ್ನ ಸಂಕೋಚವನ್ನು ಕಂಡ ಸಂಪಾದಕ ಮಂಡಲಿಯವರು, "ಹಳೆಯ ದಾಖಲೆಗಳನ್ನಾದರೂ ನೋಡಿ ಕೊಡಿರಿ" ಎಂದು ಕಚೇರಿಯ ಮೂಲೆಯಲ್ಲಿದ್ದ ಕಬ್ಬಿಣದ ಕಪಾಟಿನ ಬೀಗದ ಕೈಯನ್ನು ನನ್ನ ಕೈಗಿತ್ತರು. ಆ ಕಪಾಟಿನಲ್ಲಿ ದೊರೆತ ನಾಲ್ಕು ಸಂದರ್ಶನ ಪುಸ್ತಕಗಳೇ ಈ ಲೇಖನಕ್ಕೆ ಕಾರಣವಾದವು.

ಸಂದರ್ಶನ ಪುಸ್ತಕವೆಂದರೆ ಏನೆಂಬುದು ಇಂದಿನ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಶಾಲೆಯನ್ನು ನೋಡಲು ಬಂದ ಅಧಿಕಾರಿಗಳು ತಾವು ಕಂಡದ್ದನ್ನೂ ತಮಗೆ ತೋಚಿದ ಸಲಹೆಯನ್ನೂ ಬರೆದು ರುಜು ಹಾಕಿ ಹೋಗುವ ಪುಸ್ತಕವದು. ಹೆಡ್ ಮಾಸ್ತರರ ಮೇಜಿನ ಖಾನೆಯಲ್ಲಿ, ಬೀಗದೊಳಗೆ, ಅದು ಇರುತ್ತಿತ್ತು. ಮಕ್ಕಳಾಗಿದ್ದ ನಮಗೆ ಅದೊಂದು ಭಯದ ವಸ್ತು.

ಆ ಪುಸ್ತಕಗಳ ಧೂಳನ್ನು ಒರೆಸುತ್ತಿದ್ದಾಗಲೇ, ಇಂದು ಶಾಲೆಯಲ್ಲಿ ಗಣಿತವನ್ನು ಕಲಿಸುವ ನನ್ನ ಹಳೆಯ ಶಿಷ್ಯರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಮಾತು ಆಡಳಿತ ಸುಧಾರಣೆಯ ಕಡೆಗೆ ಹೊರಳಿತು. ನಮ್ಮ ರಾಜ್ಯ ಸರ್ಕಾರವು 2021ರಲ್ಲಿ ಎರಡನೆಯ ಆಡಳಿತ ಸುಧಾರಣಾ ಆಯೋಗವನ್ನು ರಚಿಸಿದ್ದನ್ನೂ, ಮೊದಲು ಶ್ರೀ ಟಿ.ಎಂ. ವಿಜಯಭಾಸ್ಕರ್ ಅವರೂ ಆನಂತರ ಶ್ರೀ ಆರ್.ವಿ. ದೇಶಪಾಂಡೆಯವರೂ ಅದರ ಅಧ್ಯಕ್ಷರಾದುದನ್ನೂ ವಾಚಕರು ಬಲ್ಲರು. ಯಾವ ಇಲಾಖೆಯಲ್ಲಿ ಯಾವ ಕಚೇರಿ ಇನ್ನೂ ಅವಶ್ಯ, ಯಾವುದನ್ನು ಮತ್ತೊಂದರೊಡನೆ ಕೂಡಿಸಬಹುದು ಎಂಬುದು ಅದರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು. ಅದೇ ವರ್ಷದ ಆರಂಭದಲ್ಲಿ ತಾಲ್ಲೂಕು ಪಂಚಾಯಿತಿಯೆಂಬ ನಡುವಿನ ಹಂತವೇ ಬೇಡವೆಂಬ ಮಾತು ವಿಧಾನಮಂಡಲದಲ್ಲಿಯೂ ಚರ್ಚೆಗೆ ಬಂದಿತ್ತು. ಇಪ್ಪತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯುಳ್ಳ ರಾಜ್ಯದಲ್ಲಿ ಆ ಹಂತ ಇರಲೇಬೇಕೆಂದು ಸಂವಿಧಾನದ 243-ಬಿ ವಿಧಿ ಹೇಳುವುದರಿಂದ ಆ ಮಾತು ಮುಂದುವರಿಯಲಿಲ್ಲ. ಆದರೆ ಅವಧಿ ಮುಗಿದ ಪಂಚಾಯಿತಿಗಳಿಗೆ ಚುನಾವಣೆಯೂ ವರ್ಷಗಟ್ಟಲೆ ನಡೆಯಲಿಲ್ಲ.

ನನ್ನ ಶಿಷ್ಯರು ಕೇಳಿದರು: "ಸರ, ಪಗಾರ ನೆಟ್ಟಗ ಬ್ಯಾಂಕಿಗೆ ಬರತೈತಿ. ಮಕ್ಕಳ ಹೆಸರು, ಹಾಜರಿ ಎಲ್ಲಾ ಕಂಪ್ಯೂಟರಿನಾಗ ಐತಿ. ಸುತ್ತೋಲೆ ಮೊಬೈಲಿಗೆ ಬರತೈತಿ. ನಡುವ ಈ ತಾಲ್ಲೂಕಿನ ಶಿಕ್ಷಣ ಕಚೇರಿ, ಸಂಪನ್ಮೂಲ ಕೇಂದ್ರ ಇವೆಲ್ಲಾ ಇನ್ನ ಯಾಕ ಬೇಕ್ರಿ?"

ನಾನು ಕ್ಷಣವೂ ಯೋಚಿಸದೆ, "ಬ್ಯಾಡಪಾ, ಮುಚ್ಚಿದರ ಚಲೋ" ಎಂದುಬಿಟ್ಟೆ.

ಆ ಉತ್ತರದ ಹಿಂದೆ ಹಳೆಯದೊಂದು ನೋವು ಇತ್ತು. ನಾನು ಪ್ರಭಾರಿ ಮುಖ್ಯಾಧ್ಯಾಪಕನಾಗಿದ್ದ ಕಾಲದಲ್ಲಿ ನಮ್ಮ ಹಿರಿಯ ಸಹಶಿಕ್ಷಕರೊಬ್ಬರು ನಿವೃತ್ತರಾದರು. ಮೂವತ್ತೆರಡು ವರ್ಷ ಒಂದು ದಿನವೂ ತಡವಾಗಿ ಬಾರದ ಮನುಷ್ಯ. ಅವರ ನಿವೃತ್ತಿ ವೇತನದ ಕಾಗದಗಳು ಒಂದು ಕಚೇರಿಯಲ್ಲಿ ನಿಂತುಹೋದವು. ಅದು ಯಾವ ಊರಿನದೆಂಬುದು ಇಲ್ಲಿ ಬೇಡ. ಸೇವಾ ಪುಸ್ತಕದಲ್ಲಿ ಒಂದು ವರ್ಷದ ನಮೂದು ಇಲ್ಲವೆಂಬುದು ಆಕ್ಷೇಪಣೆ; ಆ ನಮೂದನ್ನು ಮಾಡಬೇಕಾಗಿದ್ದವರು ಆ ಕಚೇರಿಯವರೇ. ನಾನೂ ಅವರೂ ಹನ್ನೊಂದು ತಿಂಗಳು ಬಸ್ಸು ಹತ್ತಿ ಇಳಿದೆವು. ಒಂದು ದಿನ ಗುಮಾಸ್ತರು ಇರುತ್ತಿರಲಿಲ್ಲ. ಇನ್ನೊಂದು ದಿನ ಸಾಹೇಬರು ಸಭೆಗೆ ಹೋಗಿರುತ್ತಿದ್ದರು. ಆ ನಡುವೆ ಅವರ ಮಗಳ ಮದುವೆ ಸಾಲದ ಹಣದಲ್ಲಿ ನಡೆಯಿತು. ಕಡೆಗೆ ಹಣ ಬಂದಿತೆಂಬುದು ನಿಜ. ಆದರೆ ಆ ಕಚೇರಿಯ ಕಟ್ಟೆಯ ಮೇಲೆ, ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ ಅವರು ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಚಿತ್ರವನ್ನು ನಾನು ಮರೆತಿಲ್ಲ.

ಅಂದು ಸಂಜೆ ಪುಸ್ತಕಗಳನ್ನು ಮನೆಗೆ ತಂದು ಓದತೊಡಗಿದೆ. ಮೊದಲನೆಯ ಪುಸ್ತಕದಲ್ಲಿ ಒಬ್ಬೊಬ್ಬ ಅಧಿಕಾರಿಯ ಬರವಣಿಗೆ ಒಂದೊಂದು ಪುಟವನ್ನು ತುಂಬಿತ್ತು. ಎರಡನೆಯ ತರಗತಿಯ ಮಕ್ಕಳು ಒತ್ತಕ್ಷರಗಳಲ್ಲಿ ಹಿಂದುಳಿದಿದ್ದಾರೆ; ಬಾವಿಗೆ ಕಟ್ಟೆ ಇಲ್ಲ, ಕೂಡಲೇ ಕಟ್ಟಿಸಬೇಕು; ಹೊಸದಾಗಿ ಬಂದ ಗುರುಗಳು ಬೋರ್ಡಿನ ಮೇಲೆ ಬರೆಯುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಾರೆ - ಹೀಗೆ. ಎರಡನೆಯ ಪುಸ್ತಕದಲ್ಲಿ ಅದು ಅರ್ಧ ಪುಟವಾಯಿತು. ಮೂರನೆಯದರಲ್ಲಿ ಮೂರು ಸಾಲು. ನಾಲ್ಕನೆಯದರಲ್ಲಿ, "ಶಾಲೆಗೆ ಭೇಟಿ ನೀಡಿದೆ. ದಾಖಲೆಗಳನ್ನು ಪರಿಶೀಲಿಸಿದೆ" ಎಂಬ ಎರಡು ವಾಕ್ಯ ಮತ್ತು ಒಂದು ಮುದ್ರೆ. ಕೊನೆಯ ಹಾಳೆಗಳು ಖಾಲಿಯಾಗಿಯೇ ಇದ್ದವು.

ಮೊದಲನೆಯ ಪುಸ್ತಕದ 1966ರ ಒಂದು ಬರಹದ ಬಳಿ ನನ್ನ ಕಣ್ಣು ನಿಂತಿತು. ನಾಲ್ಕನೆಯ ತರಗತಿಯಲ್ಲಿ ಲೆಕ್ಕವನ್ನು ಚುರುಕಾಗಿ ಮಾಡುವ ಹುಡುಗನೊಬ್ಬನು ಎರಡು ತಿಂಗಳಿನಿಂದ ಬರುತ್ತಿಲ್ಲವೆಂದು ಗುರುಗಳು ತಿಳಿಸಿದರೆಂದೂ, ಅವನ ಮನೆಗೆ ಹೋಗಿ ತಂದೆಯನ್ನು ಕಂಡು ಮಾತನಾಡಿದ್ದಾಗಿಯೂ, ಸೋಮವಾರದಿಂದ ಕಳುಹಿಸಲು ಅವರು ಒಪ್ಪಿದ್ದಾರೆಂದೂ, ಗುರುಗಳು ಇದರ ಮೇಲೆ ಗಮನವಿಡಬೇಕೆಂದೂ ಅಲ್ಲಿ ಬರೆದಿತ್ತು. ಹುಡುಗನ ಹೆಸರು ಇರಲಿಲ್ಲ. ಹೆಸರಿನ ಅವಶ್ಯಕತೆ ನನಗೆ ಇರಲೂ ಇಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ದನ ಕಾಯಲು ಕೂಲಿಯಾಳನ್ನು ಇಡಲಾರದೆ ನನ್ನ ತಂದೆ ನನ್ನನ್ನು ಶಾಲೆ ಬಿಡಿಸಿದ್ದರು. ಕರಿಯ ಕೋಟು ತೊಟ್ಟ ಇನ್ಸ್‌ಪೆಕ್ಟರು ಸೈಕಲ್ಲನ್ನು ಬೇವಿನ ಗಿಡಕ್ಕೆ ಆನಿಸಿ, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ತಂಬಿಗೆಯ ನೀರನ್ನು ಕುಡಿದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಅದನ್ನು ಬರೆದೂ ಇಟ್ಟಿದ್ದರೆಂಬುದು ಮಾತ್ರ ಸುಮಾರು ಅರವತ್ತು ವರ್ಷಗಳ ಮೇಲೆ ನನಗೆ ತಿಳಿಯಿತು.

ಮಧ್ಯಾಹ್ನ ನಾನು ಮುಚ್ಚಿಬಿಡಿ ಎಂದದ್ದು ಆ ಇನ್ಸ್‌ಪೆಕ್ಟರ ಕಚೇರಿಯನ್ನೇ! ನನಗೆ ನಾಚಿಕೆಯಾಯಿತು. ಆದರೂ ಹನ್ನೊಂದು ತಿಂಗಳು ಬಸ್ಸು ಹತ್ತಿಸಿದ ಕಚೇರಿಯೂ ಅದೇ ಮನೆತನದ್ದು. ಎರಡೂ ನಿಜವಾಗಿರುವಾಗ, ಇದು ಬೇಕೋ ಬೇಡವೋ ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರ ಯಾವುದು? ಈ ಯೋಚನೆಯಲ್ಲಿ ಕೆಲವು ವಾರಗಳನ್ನು ಕಳೆದೆ.

ಕಚೇರಿಗಳು ಹುಟ್ಟುವುದೂ ಅಳಿಯುವುದೂ ನಮ್ಮ ಸೀಮೆಗೆ ಹೊಸದಲ್ಲ. ಲಿಂಗಸುಗೂರು ಒಂದು ಕಾಲಕ್ಕೆ ನಿಜಾಮರ ರಾಜ್ಯದ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. 1905ರ ಮರುವಿಂಗಡಣೆಯಲ್ಲಿ ಆ ಜಿಲ್ಲೆ ಇಲ್ಲವಾಗಿ, ಅದರ ತಾಲ್ಲೂಕುಗಳು ರಾಯಚೂರು ಮತ್ತು ಗುಲಬರ್ಗಾ ಜಿಲ್ಲೆಗಳಿಗೆ ಹಂಚಿಹೋದವು. ಶಿಕ್ಷಣದ ವಿಷಯದಲ್ಲಂತೂ ಆ ಕಾಲದಲ್ಲಿ ಕನ್ನಡದ ಮಗು ತಬ್ಬಲಿಯೇ. ಮೇಲಿನ ತರಗತಿಗಳಲ್ಲಿ ಉರ್ದುವೇ ಮಾಧ್ಯಮ. ಧಾರವಾಡ, ಬೆಳಗಾವಿಗಳ ಕಡೆ ಜಿಲ್ಲಾ ಸ್ಕೂಲ್ ಬೋರ್ಡುಗಳು ಪ್ರಾಥಮಿಕ ಶಾಲೆಗಳನ್ನು ನಡೆಸುತ್ತಿದ್ದರೆ, ನಮ್ಮಲ್ಲಿ ಅಂಥ ಪರಂಪರೆ ಬಲವಾಗಿ ಬೆಳೆಯಲಿಲ್ಲ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥ ಸಾಹಸಗಳೂ, ಊರೂರಿನ ಮಠಗಳು ನಡೆಸಿದ ಪ್ರಸಾದ ನಿಲಯಗಳೂ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದವು. ನಮ್ಮ ಶ್ರೀಮಠವು ಶಿಕ್ಷಣಕ್ಕೆ ಕೈಹಾಕಿದ್ದು ಈ ಕಾರಣದಿಂದಲೇ. ಸರ್ಕಾರದ ಕೈ ತಲುಪದಿದ್ದ ಮನೆಯ ಬಾಗಿಲಿಗೆ ಮಠದ ಜೋಳಿಗೆ ತಲುಪಿತ್ತು. ಜೋಳಿಗೆ ಹಿಡಿದು ಹೋದವರು ಕಾಳನ್ನು ಮಾತ್ರ ತರಲಿಲ್ಲ. ಆ ಮನೆಯ ಹುಡುಗರನ್ನೂ ಕರೆತಂದರು.

1948ರಲ್ಲಿ ಹೈದರಾಬಾದು ರಾಜ್ಯ ಭಾರತದಲ್ಲಿ ಸೇರಿ, 1956ರಲ್ಲಿ ನಾವು ವಿಶಾಲ ಮೈಸೂರಿಗೆ ಸೇರಿದ ಮೇಲೆ ವ್ಯವಸ್ಥೆಗಳು ಒಂದರ ಮೇಲೊಂದು ಬಂದವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳೂ, 1993ರ ಕಾನೂನಿನಂತೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳೂ ಬಂದವು. ತೊಂಬತ್ತರ ದಶಕದ ನಡುವಿನಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕದಲ್ಲಿ ಮೊದಲು ಆಯ್ದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರು ಒಂದಾಗಿತ್ತು. ಉಳಿದವು ಕೋಲಾರ, ಮಂಡ್ಯ, ಬೆಳಗಾವಿ. ಆ ಕಾರ್ಯಕ್ರಮದೊಡನೆ ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಹತ್ತಿಪ್ಪತ್ತು ಶಾಲೆಗಳಿಗೊಂದು ಸಮೂಹ ಸಂಪನ್ಮೂಲ ಕೇಂದ್ರ ಹುಟ್ಟಿದವು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿಯೂ ನಮ್ಮದು ಸೇರಿತ್ತು. ದಾಸೋಹವೆಂಬ ಶರಣರ ಮಾತು ಸರ್ಕಾರದ ಯೋಜನೆಯ ಹೆಸರಾದುದನ್ನು ಕಂಡು ನಾವು ಹಿಗ್ಗಿದೆವು.

ಈ ಹೊಸ ಏರ್ಪಾಡುಗಳ ಫಲವನ್ನು ನಾನು ಕಣ್ಣಾರೆ ಕಂಡದ್ದುಂಟು. ಸಮೂಹ ಸಂಪನ್ಮೂಲ ವ್ಯಕ್ತಿಯಾಗಿ ನಮ್ಮ ಭಾಗಕ್ಕೆ ಬಂದ ಗುರುಮಾತೆಯೊಬ್ಬರು ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆಯ ಹಾಜರಿಯನ್ನು ನೋಡಿ, ಆರನೆಯ ತರಗತಿಯ ಹುಡುಗಿಯೊಬ್ಬಳನ್ನು ಹುಡುಕಿಕೊಂಡು ಹೊಲಕ್ಕೇ ಹೋದರು. ನಾನೂ ಜೊತೆಗಿದ್ದೆ. ಬದುವಿನ ಮೇಲೆ ನಿಂತು ಅವರು ತಾಯಿಗೆ ಹೇಳಿದರು: "ಯವ್ವಾ, ಹತ್ತಿ ನಾಳಿಗೂ ಗಿಡದಾಗ ಇರತೈತಿ. ಈಕಿ ವಯಸ್ಸು ನಿಂದರಂಗಿಲ್ಲ." ತಾಯಿ ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಹೊಲಕ್ಕ ಸಾಲಿಯವರು ಬಂದಿದ್ದು ಇದೇ ಮೊದಲ್ರಿ" ಎಂದಳು. ಆ ಹುಡುಗಿ ಮರುವಾರ ಬಂದಳು. ಹತ್ತನೆಯ ತರಗತಿಯವರೆಗೆ ಓದಿದಳು. ಅವಳ ಇಬ್ಬರು ಮಕ್ಕಳು ನಮ್ಮ ಶಾಲೆಯಲ್ಲಿಯೇ ಕಲಿತರು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನೆಲವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಈ ಮೂರು ಊರುಗಳು ಒಂದೇ ರಸ್ತೆಯ ಮೇಲಿದ್ದರೂ ಶಾಲೆಯ ಕಷ್ಟ ಮೂರು ಕಡೆಯೂ ಒಂದೇ ಬಗೆಯದಲ್ಲ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಕಾಲುವೆಯೊಡನೆ ಬಂದು ನೆಲೆಸಿದ ತೆಲುಗು ಮಾತಿನ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು. ಅಲ್ಲಿಯ ಗುರುಗಳಿಗೆ ಮನೆಯಲ್ಲಿ ಬೇರೆ ಮಾತನಾಡುವ ಮಗುವಿಗೆ ಕನ್ನಡವನ್ನು ಕಲಿಸುವುದು ಮೊದಲ ಕೆಲಸ; ನಾಟಿಯ ದಿನಗಳಲ್ಲಿ ಹಾಜರಿಯನ್ನು ಕಾಯುವುದು ಎರಡನೆಯದು. ಲಿಂಗಸುಗೂರಿನ ಕಡೆ ಹಟ್ಟಿಯ ಚಿನ್ನದ ಗಣಿ ಒಂದು ಬದಿಗಾದರೆ, ಮಳೆಯನ್ನೇ ನಂಬಿದ ಕೆಂಪು ಮಸಬು ಭೂಮಿ ಮತ್ತೊಂದು ಬದಿಗೆ. ಬೆಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಗುವೂ ಗಂಟುಮೂಟೆಯೊಡನೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಆ ಮಗುವಿನ ಹೆಸರು ಇದ್ದೇ ಇರುತ್ತದೆ. ಬೆಂಚಿನ ಮೇಲೆ ಮಗು ಇರುವುದಿಲ್ಲ. ಹೆಸರಿಗೂ ಬೆಂಚಿಗೂ ನಡುವಿನ ಈ ಅಂತರವನ್ನು ಬೆಂಗಳೂರಿನಲ್ಲಿ ಕುಳಿತ ಅಧಿಕಾರಿ ಹೇಗೆ ಕಂಡಾರು?

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ಈ ಮಾತನ್ನು ಅರಿತೇ ರಚಿತವಾದುದು. ಅದರ 9ನೆಯ ಪ್ರಕರಣದಲ್ಲಿ ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಇಡುವುದು, ಅವರ ಹಾಜರಿಯನ್ನು ನೋಡಿಕೊಳ್ಳುವುದು, ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ವಿಧಿಸಿದೆ. ಸ್ಥಳೀಯವೆಂಬ ಆ ಪದಕ್ಕೆ ತೂಕವಿದೆ.

ಹತ್ತಿರದ ಕಚೇರಿ ಇಲ್ಲದೆ ಹೋದರೆ ಏನಾದೀತೆಂಬುದಕ್ಕೆ ಮಸ್ಕಿಯ ಉದಾಹರಣೆಯೇ ಸಾಕು. 2017ರ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳಿಂದ ಹಳ್ಳಿಗಳನ್ನು ಆಯ್ದು ಕೂಡಿಸಿದರು. 2018ರಲ್ಲಿ ತಾಲ್ಲೂಕು ಅಸ್ತಿತ್ವಕ್ಕೆ ಬಂದಿತು. ಊರಿನವರು ಹಬ್ಬ ಮಾಡಿದರು. ತಹಶೀಲ್ದಾರರ ಕಚೇರಿಯೇನೋ ಬಂದಿತು. ಆದರೆ ಶಿಕ್ಷಣ ಇಲಾಖೆ 204 ಬ್ಲಾಕುಗಳೆಂಬ ತನ್ನ ಹಳೆಯ ಲೆಕ್ಕದಲ್ಲಿಯೇ ನಡೆದಿತ್ತು. ಹೊಸ ತಾಲ್ಲೂಕಿನೊಡನೆ ಹೊಸ ಶಿಕ್ಷಣ ಕಚೇರಿ ಬರಲಿಲ್ಲ. ಒಂದೇ ತಾಲ್ಲೂಕಿನ ಅಕ್ಕಪಕ್ಕದ ಹಳ್ಳಿಗಳ ಗುರುಗಳು ಬೇರೆ ಬೇರೆ ಊರಿನ ಕಚೇರಿಗಳ ಕಡೆಗೆ ಮುಖ ಮಾಡಬೇಕಾಯಿತು. ನಾವು ಇಲ್ಲಿ ಬೇಡವೆಂದು ಸುಲಭವಾಗಿ ಹೇಳುವುದನ್ನು ಅಲ್ಲಿಯ ಜನ ಬೇಕೆಂದು ಕೇಳುತ್ತ ಬಂದರು. ಇರುವವರಿಗೆ ಭಾರವಾದದ್ದು ಇಲ್ಲದವರಿಗೆ ಆಸರೆಯಾಗಿ ಕಾಣುತ್ತದೆ.

ದೂರದ ನ್ಯೂಜಿಲೆಂಡ್ ದೇಶ 1989ರಲ್ಲಿ ತನ್ನ ಪ್ರಾದೇಶಿಕ ಶಿಕ್ಷಣ ಮಂಡಳಿಗಳನ್ನು ಒಮ್ಮೆಗೇ ರದ್ದುಮಾಡಿ, ಪ್ರತಿಯೊಂದು ಶಾಲೆಯನ್ನೂ ಪಾಲಕರು ಆರಿಸಿದ ಆಡಳಿತ ಮಂಡಳಿಯ ಕೈಗೆ ಕೊಟ್ಟಿತು. ನಡುವಿನ ಕಚೇರಿ ಹೋದರೆ ಶಾಲೆ ಸ್ವತಂತ್ರವಾಗುವುದೆಂಬ ನಂಬಿಕೆ. ಸುಮಾರು ಮೂವತ್ತು ವರ್ಷಗಳ ಮೇಲೆ, 2018ರಲ್ಲಿ, ಅಲ್ಲಿಯ ಸರ್ಕಾರವೇ ನೇಮಿಸಿದ ತಂಡವು ಶಾಲೆಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದು ಒಂಟಿಯಾಗಿವೆಯೆಂದೂ, ಅವುಗಳಿಗೆ ಹತ್ತಿರದಲ್ಲಿ ನೆರವಾಗುವ ಶಿಕ್ಷಣ ಕೇಂದ್ರಗಳನ್ನು ಮತ್ತೆ ಕಟ್ಟಬೇಕೆಂದೂ ವರದಿ ಮಾಡಿತು. ಸಂಪನ್ನ ದೇಶದ ಶಾಲೆಗೇ ಒಂಟಿತನ ಭಾರವಾದರೆ, ಇಬ್ಬರೇ ಗುರುಗಳಿರುವ ನಮ್ಮ ಹಳ್ಳಿಯ ಶಾಲೆಯ ಪಾಡೇನು?

ಹಾಗೆಂದು ಇರುವುದೆಲ್ಲವೂ ಇರುವಂತೆಯೇ ಇರಲೆಂದು ನಾನು ವಾದಿಸುವುದಿಲ್ಲ. ಸುಧಾರಣೆ ಬೇಕೆನ್ನುವವರ ಮಾತಿನಲ್ಲಿ ಸತ್ಯವಿದೆ. ಒಂದೇ ಅಂಕಿಅಂಶವನ್ನು ನಾಲ್ಕು ಮೇಜುಗಳಿಗೆ ನಾಲ್ಕು ನಮೂನೆಗಳಲ್ಲಿ ಬರೆದುಕೊಡುವುದರಲ್ಲಿ ಗುರುಗಳ ಪಾಠದ ಹೊತ್ತು ಕಳೆದಿದೆ. ಮಕ್ಕಳ ಓದನ್ನು ನೋಡಲೆಂದು ನೇಮಕವಾದ ಸಂಪನ್ಮೂಲ ವ್ಯಕ್ತಿಗಳು ಕಾಗದ ಒಯ್ಯುವ ಹರಕಾರರಾಗಿದ್ದಾರೆ. ವೇತನ, ನಿವೃತ್ತಿ, ಮಾನ್ಯತೆಯ ಕಾಗದಗಳು ಯಂತ್ರದಿಂದಲೇ ಸಾಗುವುದಾದರೆ ಸಾಗಲಿ. ಇನ್ನೊಬ್ಬ ಮುದುಕ ಮಾಸ್ತರರು ಯಾವ ಕಟ್ಟೆಯ ಮೇಲೂ ಹಾಗೆ ಕೂರುವುದು ಬೇಡ. ನನ್ನ ಸಹೋದ್ಯೋಗಿಯ ನೋವಿಗೆ ಪರಿಹಾರ ಅಲ್ಲಿದೆ. ಆದರೆ ದನ ಕಾಯಲು ಹೋದ ಹುಡುಗನ ಮನೆಗೆ ಯಂತ್ರ ಹೋಗಲಾರದು.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಬೆಳಕಿಗೆ ಬಂದುದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದೇ ಅರಸನ ದೊಡ್ಡ ಶಾಸನಗಳಲ್ಲಿ ಮೂರನೆಯದು, ಅವನ ಅಧಿಕಾರಿಗಳು ಐದು ವರ್ಷಗಳಿಗೊಮ್ಮೆ ನಾಡಿನಲ್ಲಿ ಸಂಚರಿಸಬೇಕೆಂದು ವಿಧಿಸುತ್ತದೆ. ಆಜ್ಞೆಯನ್ನು ಕಲ್ಲಿನ ಮೇಲೆ ಕೆತ್ತಿಸಿದರೆ ಸಾಲದು, ಅದನ್ನು ಹೊತ್ತು ನಡೆಯುವ ಮನುಷ್ಯ ಬೇಕೆಂಬುದು ಎರಡು ಸಾವಿರ ವರ್ಷಗಳ ಹಿಂದಿನ ಅರಸನಿಗೂ ತಿಳಿದಿತ್ತು. ನಮ್ಮ ಶರಣರು ಇದನ್ನು ಇನ್ನೂ ಆಳವಾಗಿ ಕಂಡು, ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಕಚೇರಿ ಸ್ಥಾವರ, ಶಾಲೆಯ ಬಾಗಿಲಿಗೆ ನಡೆದು ಬರುವ ಅಧಿಕಾರಿ ಜಂಗಮ. ನಮ್ಮ ಸಂದರ್ಶನ ಪುಸ್ತಕಗಳ ಪುಟಗಳು ಬರಿದಾಗುತ್ತ ಬಂದುದು, ಜಂಗಮವು ನಿಂತು ಸ್ಥಾವರವು ಬೆಳೆದ ಕಥೆಯಲ್ಲದೆ ಮತ್ತೇನು?

ಮುಂದಿನ ವಾರ ನನ್ನ ಶಿಷ್ಯರನ್ನು ಕಂಡು, ನಾನು ಕೊಟ್ಟ ಉತ್ತರವನ್ನು ಹಿಂದಕ್ಕೆ ತೆಗೆದುಕೊಂಡೆ. 1966ರ ಆ ಪುಟವನ್ನು ತೋರಿಸಿದೆ. ಅವರು ಎರಡು ಸಲ ಓದಿ, "ಈ ಹುಡುಗ ಮುಂದ ಏನಾದ್ನರಿ ಸರ?" ಎಂದು ಕೇಳಿದರು. "ನಿನಗ ಲೆಕ್ಕ ಕಲಿಸಿದ" ಎಂದೆ. ಅವರು ಮತ್ತೆ ಮಾತನಾಡಲಿಲ್ಲ.

ಆದುದರಿಂದ ಸರ್ಕಾರಕ್ಕೆ ನನ್ನದೊಂದು ವಿನಂತಿ. ಪರಿಶೀಲನೆಗೆ ಬರುವವರು ಕಚೇರಿಯ ಕಡತಗಳನ್ನು ಎಣಿಸಿ ಹೋಗದೆ, ಹತ್ತಾರು ಹಳ್ಳಿಯ ಶಾಲೆಗಳಿಗೆ ಹೋಗಿ ಸಂದರ್ಶನ ಪುಸ್ತಕವನ್ನು ತೆರೆದು ನೋಡಲಿ. ಬರಹವಿರುವ ಕಡೆ ಆ ಅಧಿಕಾರಿಗೆ ಬಲ ಕೊಡಲಿ. ಬರಿಯ ಮುದ್ರೆಯಿರುವ ಕಡೆ ಅವರ ಮೇಜಿನ ಕೆಲಸವನ್ನು ಇಳಿಸಿ, ಶಾಲೆಯ ದಾರಿಯನ್ನು ತೋರಲಿ. ಶ್ರೀಮಠದ ಶಾಲೆಗೂ ಒಂದು ವಿನಂತಿ ಇದೆ. ನಾಲ್ಕನೆಯ ಪುಸ್ತಕದಲ್ಲಿ ಖಾಲಿ ಉಳಿದ ಹಾಳೆಗಳಲ್ಲಿ, ಯಾರೂ ಬಾರದ ತಿಂಗಳು ನಮ್ಮ ಗುರುಗಳೇ ಒಬ್ಬೊಬ್ಬರಾಗಿ ಬರೆಯಲಿ: ಈ ತಿಂಗಳು ಯಾವ ಮಗು ಬರಲಿಲ್ಲ, ಯಾರು ಅದರ ಮನೆಗೆ ಹೋಗಿದ್ದರು ಎಂದು. ಜೋಳಿಗೆ ಹಿಡಿದು ಮನೆ ಮನೆಗೆ ನಡೆದ ಹಿರಿಯರ ನೆನಪಿನ ಸಂಚಿಕೆಗೆ ಇದಕ್ಕಿಂತ ತಕ್ಕ ಕಾಣಿಕೆಯನ್ನು ನಾನು ಕಾಣೆ.

ಹೆಸರನ್ನೂ ಬರೆಯದೆ ನನ್ನನ್ನು ಶಾಲೆಗೆ ಮರಳಿಸಿದ ಆ ಇನ್ಸ್‌ಪೆಕ್ಟರಿಗೆ, ಮತ್ತು ಇಂದಿಗೂ ಬಿಸಿಲಿನಲ್ಲಿ ಹಳ್ಳಿಯ ಶಾಲೆಯ ದಾರಿಯನ್ನು ಹಿಡಿದು ಹೊರಟ ಎಲ್ಲರಿಗೂ ಶರಣು ಶರಣಾರ್ಥಿ.